ತೂಬು ಎಷ್ಟು ತೆರೆಯಬೇಕು? ಗಯಾನಾದ ತೈಲ ಮತ್ತು ದುಡ್ಡಿನ ಲೆಕ್ಕ

ಎಲ್ಲರಿಗೂ ನಮಸ್ಕಾರ. ಇವತ್ತಿನ ಮಾತು ದಕ್ಷಿಣ ಅಮೆರಿಕದ ಉತ್ತರ ಅಂಚಿನಲ್ಲಿರುವ ಒಂದು ಪುಟ್ಟ ದೇಶದ ಬಗ್ಗೆ. ಪುಟ್ಟದು ಅಂದದ್ದು ಜನಸಂಖ್ಯೆಯ ಲೆಕ್ಕದಲ್ಲಿ. ನೆಲದ ಲೆಕ್ಕದಲ್ಲಿ ಗಯಾನಾ ಕರ್ನಾಟಕಕ್ಕಿಂತ ದೊಡ್ಡದು. ಅದರ ವಿಸ್ತಾರ ಸುಮಾರು 2.15 ಲಕ್ಷ ಚದರ ಕಿಲೋಮೀಟರ್, ನಮ್ಮದು 1.92 ಲಕ್ಷ. ಅಷ್ಟು ನೆಲದಲ್ಲಿ ಇರುವ ಜನ ಹೆಚ್ಚು ಕಡಿಮೆ 8 ಲಕ್ಷ. ನಮ್ಮಲ್ಲಿ ಸಾಧಾರಣ ಜಿಲ್ಲೆಯೊಂದರಲ್ಲೇ ಅದಕ್ಕಿಂತ ಹೆಚ್ಚು ಜನ ಸಿಗುತ್ತಾರೆ. ಒಳನಾಡೆಲ್ಲ ಕಾಡು. ಹತ್ತರಲ್ಲಿ ಒಂಬತ್ತು ಮಂದಿ ಬದುಕುವುದು ಅಟ್ಲಾಂಟಿಕ್ ಕರಾವಳಿಯ ಕಿರಿದಾದ ಪಟ್ಟಿಯಲ್ಲಿ.

ಆ ಪಟ್ಟಿಯ ಒಂದು ವಿಶೇಷವನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಮತ್ತೆ ಮತ್ತೆ ಬೇಕಾಗುತ್ತದೆ. ಭರತದ ಹೊತ್ತಿಗೆ ಅಲ್ಲಿ ಸಮುದ್ರದ ಮಟ್ಟ ನೆಲಕ್ಕಿಂತ ಮೇಲಿರುತ್ತದೆ. ಡಚ್ಚರು ಒಡ್ಡು ಕಟ್ಟಿ, ಕಾಲುವೆ ತೋಡಿ, ಸಮುದ್ರದಿಂದ ಕಸಿದುಕೊಂಡ ನೆಲ ಅದು. ರಾಜಧಾನಿ ಜಾರ್ಜ್‌ಟೌನ್ ನಿಂತಿರುವುದೂ ಅಲ್ಲೇ. ಊರಿನ ಮಳೆನೀರು ಹೊರಗೆ ಹೋಗಬೇಕಾದರೆ ಕಾಲುವೆಯ ಬಾಯಲ್ಲಿರುವ ತೂಬು ತೆರೆಯಬೇಕು. ಇದಕ್ಕೆ ಅಲ್ಲಿನವರು ‘ಕೋಕರ್’ ಅನ್ನುತ್ತಾರೆ, ಡಚ್ಚರು ಬಿಟ್ಟುಹೋದ ಮಾತು. ಸಮುದ್ರ ಇಳಿದಾಗ ತೆರೆಯಬೇಕು, ಏರುವ ಮುಂಚೆ ಮುಚ್ಚಬೇಕು, ದಿನಕ್ಕೆರಡು ಬಾರಿ. ನಮ್ಮ ಕೆರೆಗಳಿಗೆ ನೀರಗಂಟಿ ಇದ್ದ ಹಾಗೆ ಅಲ್ಲಿ ತೂಬಿಗೊಬ್ಬ ಕಾವಲುಗಾರ. ಅವನು ಒಂದು ತಾಸು ಮೈಮರೆತರೆ ಗದ್ದೆಗೆ ಉಪ್ಪುನೀರು ನುಗ್ಗುತ್ತದೆ. ತೈಲದ ದುಡ್ಡನ್ನು ದೇಶದೊಳಗೆ ಬಿಟ್ಟುಕೊಳ್ಳುವ ಕೆಲಸವೂ ಇದೇ ಜಾತಿಯದು. ಯಾವಾಗ ಬಿಡಬೇಕು, ಎಷ್ಟು ಬಿಡಬೇಕು, ತೂಬಿನ ಕೀಲಿ ಯಾರ ಕೈಯಲ್ಲಿರಬೇಕು ಎಂಬ ಮೂರು ಪ್ರಶ್ನೆಗಳ ಸುತ್ತಲೇ ಇವತ್ತಿನ ಮಾತು.

ತೈಲ ಸಿಗುವ ಮುಂಚೆ ಗಯಾನಾ ಅಂದರೆ ಕಬ್ಬು, ಭತ್ತ, ಬಾಕ್ಸೈಟ್, ಚಿನ್ನ, ಮರ. ಕಬ್ಬಿನ ತೋಟಗಳಿಗೆ ದುಡಿಯಲು ಭಾರತದಿಂದ ಕರಾರು ಕೂಲಿಗಳನ್ನು ಕರೆದೊಯ್ದದ್ದು 1838ರಿಂದ 1917ರವರೆಗೆ. ಸುಮಾರು 2.4 ಲಕ್ಷ ಜನ. ಬಹುಪಾಲು ಭೋಜಪುರಿ ಸೀಮೆಯವರು, ಮದ್ರಾಸಿನಿಂದ ಹಡಗು ಹತ್ತಿದವರೂ ಇದ್ದರು. ಇವತ್ತು ಅಲ್ಲಿನ ಜನರಲ್ಲಿ ಸುಮಾರು ಶೇ. 40ರಷ್ಟು ಅವರ ವಂಶದವರು, ಸುಮಾರು ಶೇ. 30ರಷ್ಟು ಆಫ್ರಿಕಾದಿಂದ ಗುಲಾಮರಾಗಿ ಬಂದವರ ವಂಶದವರು. ರಾಜಕೀಯವೂ ಬಹುಮಟ್ಟಿಗೆ ಇದೇ ಗೆರೆಯ ಮೇಲೆ ಒಡೆದುಕೊಂಡಿದೆ. ಗುತ್ತಿಗೆ ಯಾರಿಗೆ ಸಿಕ್ಕಿತು, ರಸ್ತೆ ಯಾವ ಊರಿಗೆ ಬಂತು ಎಂಬ ಮಾತು ಬಂದಾಗಲೆಲ್ಲ ‘ಅವರಿಗೋ ನಮಗೋ’ ಎಂಬ ಅನುಮಾನ ಜೊತೆಗೇ ಬರುತ್ತದೆ.

2015ರ ಮೇ 20ರಂದು ಎಕ್ಸಾನ್‌ಮೊಬಿಲ್ ಕಂಪನಿ ಲೀಜಾ-1 ಬಾವಿಯಲ್ಲಿ ತೈಲ ಸಿಕ್ಕಿದೆ ಎಂದು ಪ್ರಕಟಿಸಿತು. ಜಾಗ ದಡದಿಂದ ಸುಮಾರು 190 ಕಿಲೋಮೀಟರ್ ದೂರ. ಅಲ್ಲಿ ನೀರಿನ ಆಳವೇ 1,743 ಮೀಟರ್. ಕೊರೆದದ್ದು ಒಟ್ಟು 5,433 ಮೀಟರ್. ಸಿಕ್ಕಿದ್ದು 90 ಮೀಟರಿಗೂ ಹೆಚ್ಚು ದಪ್ಪದ, ತೈಲ ತುಂಬಿದ ಮರಳುಕಲ್ಲಿನ ಪದರ. ಸ್ಟಾಬ್ರೋಕ್ ಬ್ಲಾಕ್ ಎಂಬ ಈ ಪ್ರದೇಶ 26,800 ಚದರ ಕಿಲೋಮೀಟರ್. ಅದರಲ್ಲಿ ಎಕ್ಸಾನ್ ಪಾಲು ಶೇ. 45, ಹೆಸ್ ಕಂಪನಿಯದು 30, ಚೀನಾದ ಸಿನೂಕ್‌ನದು 25. ಹೆಸ್ ಪಾಲಿಗಾಗಿ ದೊಡ್ಡ ಜಗಳವೇ ನಡೆದು, 2025ರ ಜುಲೈಯಲ್ಲಿ ಶೆವ್ರಾನ್ ಆ ಕಂಪನಿಯನ್ನು ಕೊಂಡುಕೊಂಡಿತು. ಶೆಲ್ ಕಂಪನಿ ಮೊದಲು ಪಾಲುದಾರನಾಗಿದ್ದು, ಬಾವಿ ಕೊರೆಯುವ ಮುಂಚೆ, 2014ರಲ್ಲಿ, ಕೈಬಿಟ್ಟು ಹೊರಟುಹೋಗಿತ್ತು. ಈವರೆಗಿನ ಅಂದಾಜಿನಲ್ಲಿ ಅಲ್ಲಿಂದ ತೆಗೆಯಬಹುದಾದ ತೈಲ 1,100 ಕೋಟಿ ಬ್ಯಾರೆಲ್‌ಗೂ ಮೇಲೆ. ಒಂದು ಬ್ಯಾರೆಲ್ ಅಂದರೆ 159 ಲೀಟರ್. ತಲೆಗೆ ಇಷ್ಟೊಂದು ತೈಲ ಇರುವ ದೇಶಗಳು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು.

ಈಗ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಈ ತೈಲ ಗಯಾನಾದ ದಡವನ್ನು ಮುಟ್ಟುವುದೇ ಇಲ್ಲ. ಸಮುದ್ರದ ತಳದಲ್ಲಿ ಬಾವಿಯ ಬಾಯಿಗೆ ಕವಾಟಗಳ ಗೊಂಚಲು ಕೂರಿಸಿರುತ್ತಾರೆ. ಅಲ್ಲಿಂದ ಕೊಳವೆಗಳು ಒಂದೂಮುಕ್ಕಾಲು ಕಿಲೋಮೀಟರ್ ಮೇಲಕ್ಕೆ ಬಂದು ಒಂದು ಹಡಗನ್ನು ಸೇರುತ್ತವೆ. ತೈಲದ ಜಗತ್ತಿನಲ್ಲಿ ಇದಕ್ಕೆ ‘ಎಫ್‌ಪಿಎಸ್‌ಒ’ ಅನ್ನುತ್ತಾರೆ. ತೇಲುತ್ತಲೇ ತೈಲ ತೆಗೆದು, ಶುದ್ಧಮಾಡಿ, ತುಂಬಿಟ್ಟುಕೊಂಡು, ಬೇರೆ ಹಡಗಿಗೆ ಸುರಿಯುವ ಕಾರ್ಖಾನೆ. ಮೇಲೆ ಬಂದದ್ದರಲ್ಲಿ ಎಣ್ಣೆ, ಅನಿಲ, ನೀರು ಮೂರೂ ಬೆರೆತಿರುತ್ತವೆ. ಬೇರ್ಪಡಿಸಿ ಎಣ್ಣೆಯನ್ನು ಹಡಗಿನ ಹೊಟ್ಟೆಗೆ ಇಳಿಸುತ್ತಾರೆ. ಅನಿಲದ ಹೆಚ್ಚಿನ ಭಾಗವನ್ನು ಒತ್ತಿ ಮತ್ತೆ ನೆಲದಾಳಕ್ಕೆ ಕಳಿಸುತ್ತಾರೆ. ಸಮುದ್ರದ ನೀರನ್ನೂ ಸೋಸಿ ಒಳಗೆ ತುಂಬುತ್ತಾರೆ, ಹಾಗೆ ಮಾಡದಿದ್ದರೆ ಪದರದ ಒತ್ತಡ ಬಿದ್ದು ಬಾವಿ ಸೋಲುತ್ತದೆ. ಮೊದಲ ಹಡಗು ಲೀಜಾ ಡೆಸ್ಟಿನಿ ತೈಲ ತೆಗೆಯಲು ಶುರುಮಾಡಿದ್ದು 2019ರ ಡಿಸೆಂಬರ್ 20ಕ್ಕೆ, ದಿನಕ್ಕೆ 1.2 ಲಕ್ಷ ಬ್ಯಾರೆಲ್ ಸಾಮರ್ಥ್ಯ. 2022ರಲ್ಲಿ ಲೀಜಾ ಯೂನಿಟಿ, 2023ರಲ್ಲಿ ಪ್ರಾಸ್ಪೆರಿಟಿ, ತಲಾ 2.2 ಲಕ್ಷ. 2025ರ ಆಗಸ್ಟ್‌ನಲ್ಲಿ ವನ್ ಗಯಾನಾ, 2.5 ಲಕ್ಷ. ‘ಒಂದೇ ಜನ, ಒಂದೇ ನಾಡು, ಒಂದೇ ಭವಿತವ್ಯ (ಡೆಸ್ಟಿನಿ)’ ಎಂಬ ಆ ದೇಶದ ಘೋಷವಾಕ್ಯದ ನೆರಳು ಈ ಹೆಸರುಗಳ ಮೇಲಿದೆ.

ಇಂಥ ಹಡಗಿನಲ್ಲಿ ಕೆಡುವುದು ಏನು? ಲೀಜಾ ಡೆಸ್ಟಿನಿಯ ಉದಾಹರಣೆಯೇ ಸಾಕು. ಎಣ್ಣೆಯಿಂದ ಕೊನೆಯಲ್ಲಿ ಹೊರಬೀಳುವ ಕಡಿಮೆ ಒತ್ತಡದ ಅನಿಲವನ್ನು ಒತ್ತುವ ಕಂಪ್ರೆಸರ್ ಮೊದಲ ವರ್ಷವೇ ಕೈಕೊಟ್ಟಿತು. ರಿಪೇರಿಗೆ ಜರ್ಮನಿಗೆ ಕಳಿಸಿ ತಂದು ಕೂರಿಸಿದರೂ ಮತ್ತೆ ಕೆಟ್ಟಿತು. ಒತ್ತಲಾಗದ ಅನಿಲವನ್ನು ಸುಡುವುದೊಂದೇ ದಾರಿ. ಹೊಗೆಗೊಳವೆಯ ತುದಿಯಲ್ಲಿ ತಿಂಗಳುಗಟ್ಟಲೆ ಬೆಂಕಿ ಉರಿಯಿತು. ಉತ್ಪಾದನೆ ತಗ್ಗಿಸಿದರೆ ಸರ್ಕಾರದ ಆದಾಯವೂ ತಗ್ಗುತ್ತದೆ, ತಗ್ಗಿಸದಿದ್ದರೆ ಅನಿಲ ಸುಡುತ್ತದೆ. ಕೊನೆಗೆ 2021ರಲ್ಲಿ ಪರಿಸರ ಸಂಸ್ಥೆ ಪರವಾನಗಿಯನ್ನು ತಿದ್ದಿ, ಮಿತಿ ಮೀರಿ ಸುಟ್ಟರೆ ಟನ್ ಇಂಗಾಲದ ಡೈಆಕ್ಸೈಡಿಗೆ ಇಷ್ಟು ಡಾಲರ್ ಎಂದು ಶುಲ್ಕ ಹಾಕಿತು. ಹೊಸದಾಗಿ ತೈಲ ಕಂಡ ದೇಶಕ್ಕೆ ಇದು ಮೊದಲ ಪಾಠ. ಯಂತ್ರ ಕೆಟ್ಟಾಗ ಏನು ಮಾಡಬೇಕು ಎಂಬುದು ಪರವಾನಗಿ ಕೊಡುವ ದಿನವೇ ಕಾಗದದಲ್ಲಿ ಇರಬೇಕು. ಕೆಟ್ಟ ಮೇಲೆ ಬರೆಯಲು ಕೂತರೆ ಮಾತಾಡುವ ಬಲ ಅರ್ಧಕ್ಕರ್ಧ ಕರಗಿರುತ್ತದೆ.

ಹಾಗಾದರೆ ದೇಶಕ್ಕೆ ಬರುವುದು ಏನು? ದುಡ್ಡು. ಎಷ್ಟು ಎನ್ನುವುದನ್ನು ತೀರ್ಮಾನಿಸುವುದು 2016ರ ಜೂನ್‌ನಲ್ಲಿ ಸಹಿಬಿದ್ದ ಒಪ್ಪಂದ. ಒಂದು ಬ್ಯಾರೆಲ್ಲಿಗೆ 80 ಡಾಲರ್ ಸಿಕ್ಕಿತು ಅಂತಿಟ್ಟುಕೊಳ್ಳಿ. ಅದರಲ್ಲಿ ಶೇ. 75ರವರೆಗೆ, ಅಂದರೆ 60 ಡಾಲರನ್ನು, ಕಂಪನಿಗಳು ತಮ್ಮ ಖರ್ಚಿನ ಬಾಬ್ತಿಗೆ ಹಿಡಿದುಕೊಳ್ಳಬಹುದು. ಉಳಿದ 20 ಡಾಲರ್ ‘ಲಾಭದ ತೈಲ’. ಅದನ್ನು ಸಮಪಾಲು ಮಾಡಿದರೆ ಸರ್ಕಾರಕ್ಕೆ 10, ಕಂಪನಿಗಳಿಗೆ 10. ಇದರ ಜೊತೆಗೆ ಕಂಪನಿಗಳು ಶೇ. 2 ರಾಜಧನ ಕೊಡಬೇಕು, 1 ಡಾಲರ್ 60 ಸೆಂಟ್. ಒಟ್ಟು ಸರ್ಕಾರದ ಕೈಗೆ 11 ಡಾಲರ್ 60 ಸೆಂಟ್, ಶೇ. 14.5. ಕಂಪನಿಗಳು ಕಟ್ಟಬೇಕಾದ ಆದಾಯ ತೆರಿಗೆಯನ್ನೂ ಸರ್ಕಾರವೇ ತನ್ನ ಪಾಲಿನಿಂದ ಭರಿಸುತ್ತದೆ ಎಂಬ ಕಲಮು ಬೇರೆ ಇದೆ.

ಕಂಪನಿಯವರ ವಾದಕ್ಕೂ ಹುರುಳಿದೆ. ಅಲ್ಲಿಯವರೆಗೆ ಆ ಕಡಲಲ್ಲಿ ಡಜನ್‌ಗಟ್ಟಲೆ ಬಾವಿ ಕೊರೆದವರು ಬರಿಗೈಲಿ ಹೋಗಿದ್ದರು, ಅಪಾಯ ಹೊತ್ತವರಿಗೆ ಲಾಭ ಸಲ್ಲಬೇಕು. ಆದರೆ 2016ರ ಸಹಿ ಬಿದ್ದದ್ದು ತೈಲ ಸಿಕ್ಕಿ ಒಂದು ವರ್ಷ ಕಳೆದ ಮೇಲೆ. ಅಷ್ಟುಹೊತ್ತಿಗೆ ಅಪಾಯದ ದೊಡ್ಡ ಭಾಗ ಇಳಿದುಹೋಗಿತ್ತು. 1999ರ ಹಳೆಯ ಒಪ್ಪಂದವನ್ನು ಹೊಸದಾಗಿ ಬರೆಯಲು ಕೂತಾಗ ಸರ್ಕಾರದ ಕೈಯಲ್ಲಿ ಹಿಂದೆಂದೂ ಇಲ್ಲದಷ್ಟು ಬಲವಿತ್ತು. ಅದನ್ನು ಬಳಸಲಿಲ್ಲ. ಸಹಿಯ ಕೊಡುಗೆಯಾಗಿ ಬಂದ 1.8 ಕೋಟಿ ಡಾಲರನ್ನು ಕೇಂದ್ರ ಬ್ಯಾಂಕಿನ ಒಂದು ಖಾತೆಯಲ್ಲಿ ಇಟ್ಟು, ಸಂಸತ್ತಿಗೂ ಜನಕ್ಕೂ ಹೇಳದೆ ಒಂದೂವರೆ ವರ್ಷ ಕಳೆದರು. 2017ರ ಡಿಸೆಂಬರಿನಲ್ಲಿ ಅದು ಬಯಲಾಯಿತು. ಒಪ್ಪಂದದ ಪೂರ್ತಿ ಪಾಠ ಜನರ ಕೈಗೆ ಸಿಕ್ಕಿದ್ದೂ ಅದೇ ತಿಂಗಳು. ನನ್ನ ಅಭಿಪ್ರಾಯದಲ್ಲಿ ಗಯಾನಾದ ಅತಿ ದೊಡ್ಡ ನಷ್ಟ ಆದದ್ದು ಇಲ್ಲೇ. ಮುಂದೆ ಎಷ್ಟೇ ಜಾಣತನದಿಂದ ಖರ್ಚು ಮಾಡಿದರೂ, ಆ ಒಂದು ಸಹಿಯಲ್ಲಿ ಬಿಟ್ಟುಕೊಟ್ಟದ್ದು ವಾಪಸು ಬರುವುದಿಲ್ಲ.

ಒಪ್ಪಂದದಲ್ಲಿ ಇಲ್ಲದ ಒಂದು ಕಲಮು ಇನ್ನೂ ಮುಖ್ಯ. ತೈಲದವರ ಭಾಷೆಯಲ್ಲಿ ಅದಕ್ಕೆ ‘ರಿಂಗ್ ಫೆನ್ಸಿಂಗ್’ ಅನ್ನುತ್ತಾರೆ. ಹೊಲಕ್ಕೆ ಬೇಲಿ ಹಾಕಿದ ಹಾಗೆ ಆಯಾ ನಿಕ್ಷೇಪದ ಖರ್ಚು ಆಯಾ ನಿಕ್ಷೇಪದ ತೈಲದಿಂದಲೇ ತೀರಬೇಕು ಎಂಬ ನಿಯಮ. ಗಯಾನಾದಲ್ಲಿ ಆ ಬೇಲಿ ಇಲ್ಲ. ಇದೇ ಬ್ಲಾಕಿನ ಬೇರೆ ಬೇರೆ ನಿಕ್ಷೇಪಗಳ ಖರ್ಚು ನೋಡಿ: ಲೀಜಾ ಎರಡನೇ ಹಂತಕ್ಕೆ 600 ಕೋಟಿ ಡಾಲರ್, ಪಯಾರಾಗೆ 900 ಕೋಟಿ, ಯೆಲೋಟೇಲ್‌ಗೆ 1,000 ಕೋಟಿ, ಉವಾರು ಮತ್ತು ವಿಪ್‌ಟೇಲ್‌ಗೆ ತಲಾ 1,270 ಕೋಟಿ. ಇನ್ನೂ ಒಂದು ಹನಿ ಕೊಡದ ನಿಕ್ಷೇಪದ ಖರ್ಚನ್ನೂ ಈಗ ಹರಿಯುತ್ತಿರುವ ಲೀಜಾದ ತೈಲದಿಂದ ಹಿಡಿದುಕೊಳ್ಳಬಹುದು. ಹಾಗಾಗಿ ಹಳೇ ಸಾಲ ತೀರುವಷ್ಟರಲ್ಲಿ ಹೊಸ ಸಾಲ ಲೆಕ್ಕಕ್ಕೆ ಸೇರಿರುತ್ತದೆ. ಆ ಶೇ. 75ರ ಮಿತಿ ತಿಂಗಳ ಮೇಲೆ ತಿಂಗಳು ತುಂಬಿಯೇ ಇರುತ್ತದೆ.

ಖರ್ಚಿನ ಬಿಲ್ಲು ಸರಿಯಿದೆಯೇ ಎಂದು ನೋಡುವವರು ಯಾರು? ಒಪ್ಪಂದದ ಪ್ರಕಾರ ಸರ್ಕಾರಕ್ಕೆ ಲೆಕ್ಕ ತಪಾಸಣೆಯ ಹಕ್ಕಿದೆ, ಆದರೆ ಎರಡು ವರ್ಷದ ಗಡುವಿನೊಳಗೆ. ದಾಟಿದರೆ ಕಂಪನಿ ಕೊಟ್ಟ ಲೆಕ್ಕವೇ ಸರಿ ಎಂದಾಗುತ್ತದೆ. 1999ರಿಂದ 2017ರವರೆಗಿನ 167 ಕೋಟಿ ಡಾಲರ್ ಖರ್ಚನ್ನು ಪರಿಶೀಲಿಸಲು ಹೊರಗಿನ ಸಂಸ್ಥೆಯೊಂದನ್ನು ನೇಮಿಸಿದರು. ಅದು 21.4 ಕೋಟಿ ಡಾಲರಿನ ಖರ್ಚಿಗೆ ತಕರಾರು ತೆಗೆಯಿತು. ಆ ಮೊತ್ತ ಮಾತುಕತೆಯಲ್ಲಿ 30 ಲಕ್ಷ ಡಾಲರಿಗೆ ಇಳಿದಿತ್ತು ಎಂದು 2023ರಲ್ಲಿ ಹೊರಬಿದ್ದಾಗ ದೇಶದಲ್ಲಿ ಗದ್ದಲವೇ ಎದ್ದಿತು. ಒಂದೊಂದು ಹೆಲಿಕಾಪ್ಟರ್ ಹಾರಾಟ, ಒಂದೊಂದು ಕೊರೆಯುವ ಯಂತ್ರದ ದಿನಬಾಡಿಗೆ, ಹೂಸ್ಟನ್ ಕಚೇರಿಯ ಖರ್ಚಿನಲ್ಲಿ ಗಯಾನಾದ ತಲೆಗೆ ಕಟ್ಟಿದ ಪಾಲು ಎಷ್ಟು, ಇವನ್ನೆಲ್ಲ ಅಳೆಯಬಲ್ಲ ಲೆಕ್ಕಿಗರು ಬೇಕು. ಓದಿದವರಲ್ಲಿ ಹೆಚ್ಚಿನವರು ನ್ಯೂಯಾರ್ಕಿಗೋ ಟೊರಾಂಟೊಗೋ ಹೋಗಿಬಿಟ್ಟಿರುವ ಎಂಟು ಲಕ್ಷದ ದೇಶದಲ್ಲಿ ಅಂಥವರು ರಾತ್ರಿ ಬೆಳಗಾಗುವುದರಲ್ಲಿ ಹುಟ್ಟುವುದಿಲ್ಲ. ತೈಲ ಸಿಕ್ಕ ದೇಶ ಮೊದಲು ಮಾಡಬೇಕಾದ ಖರ್ಚು ಯಾವುದು ಎಂದು ಕೇಳಿದರೆ ನಾನು ಹೇಳುವುದು ಇದನ್ನೇ: ಪೆಟ್ರೋಲಿಯಂ ಲೆಕ್ಕ ಬಲ್ಲ ಐವತ್ತು ಮಂದಿಯನ್ನು ತರಬೇತು ಮಾಡಿ, ಕಂಪನಿಯವರು ಸೆಳೆದುಕೊಂಡು ಹೋಗದಷ್ಟು ಸಂಬಳ ಕೊಟ್ಟು ಇಟ್ಟುಕೊಳ್ಳಿ.

ಇನ್ನು ತೂಬಿನ ವಿಷಯಕ್ಕೆ ಬರೋಣ. ಸರ್ಕಾರದ ಪಾಲಿನ ತೈಲ ಹತ್ತು ಲಕ್ಷ ಬ್ಯಾರೆಲ್ ಕೂಡಿದಾಗ ಒಂದು ಹಡಗು ತುಂಬುತ್ತದೆ, ಅದನ್ನು ಮಾರುತ್ತಾರೆ. ಮಾರಿದ ದುಡ್ಡು ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಬ್ಯಾಂಕಿನಲ್ಲಿರುವ ‘ನೈಸರ್ಗಿಕ ಸಂಪನ್ಮೂಲ ನಿಧಿ’ಯ ಖಾತೆಗೆ ಡಾಲರಿನಲ್ಲೇ ಜಮೆಯಾಗುತ್ತದೆ. ಇದು ಒಳ್ಳೆಯ ಏರ್ಪಾಡು. ದುಡ್ಡು ನೇರವಾಗಿ ಖಜಾನೆಗೆ ಬೀಳುವುದಿಲ್ಲ, ಎಷ್ಟು ಜಮೆಯಾಯಿತು ಎಂಬುದನ್ನು ಪ್ರಕಟಿಸಬೇಕು. ನಿಧಿಯಿಂದ ಎಷ್ಟು ತೆಗೆಯಬಹುದು ಎನ್ನುವುದಕ್ಕೆ 2021ರ ಕೊನೆಯಲ್ಲಿ ಸಂಸತ್ತಿನ ಗದ್ದಲದ ನಡುವೆ ಪಾಸಾದ ಕಾನೂನಿನಲ್ಲಿ ಮೆಟ್ಟಿಲು ಮೆಟ್ಟಿಲಾದ ಸೂತ್ರ ಇತ್ತು. ಹಿಂದಿನ ವರ್ಷ ಜಮೆಯಾದ ಮೊದಲ 50 ಕೋಟಿ ಡಾಲರಿನಲ್ಲಿ ಪೂರ್ತಿ ತೆಗೆಯಬಹುದು, ಎರಡನೇ 50 ಕೋಟಿಯಲ್ಲಿ ಶೇ. 75, ಮೂರನೆಯದರಲ್ಲಿ 50, ನಾಲ್ಕನೆಯದರಲ್ಲಿ 25, ಆಮೇಲೆ ಇನ್ನೂ ಕಡಿಮೆ. ಆದಾಯ ಏರಿದಷ್ಟೂ ಉಳಿತಾಯದ ಪಾಲು ಏರಬೇಕು ಎಂಬುದು ಒಳಗಿನ ತರ್ಕ.

2023ರಲ್ಲಿ ನಿಧಿಗೆ ಬಂದದ್ದು ಸುಮಾರು 161.7 ಕೋಟಿ ಡಾಲರ್. ಹಳೆಯ ಸೂತ್ರದಲ್ಲಿ ಲೆಕ್ಕ ಹಾಕಿ: 50, ಆಮೇಲೆ 37.5, ಆಮೇಲೆ 25, ಉಳಿದ 11.7ರಲ್ಲಿ ಕಾಲುಭಾಗ ಸುಮಾರು 3. ಒಟ್ಟು 115 ಕೋಟಿಯ ಆಸುಪಾಸು. ಆದರೆ 2024ರ ಆರಂಭದಲ್ಲಿ ಸೂತ್ರವನ್ನೇ ತಿದ್ದಿದರು. ಮೊದಲ 100 ಕೋಟಿ ಪೂರ್ತಿ, ಎರಡನೇ 100 ಕೋಟಿಯಲ್ಲಿ ಶೇ. 95. ಆ ವರ್ಷ ತೆಗೆದದ್ದು 158.6 ಕೋಟಿ. ಬಂದದ್ದರಲ್ಲಿ ನೂರಕ್ಕೆ ತೊಂಬತ್ತೆಂಟು ಆ ಬಾಗಿಲಿಂದ ಬಂದು ಈ ಬಾಗಿಲಿಂದ ಹೋಯಿತು. ಸರ್ಕಾರದ ಸಮರ್ಥನೆ ಏನೆಂದರೆ ರಸ್ತೆ, ಆಸ್ಪತ್ರೆ, ಸೇತುವೆ ಏನೂ ಇಲ್ಲದ ದೇಶ ನ್ಯೂಯಾರ್ಕಿನಲ್ಲಿ ದುಡ್ಡು ಕೂಡಿಟ್ಟು ಏನು ಮಾಡಬೇಕು? ಆ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ನಾರ್ವೆ ನಿಧಿಯ ಕಾನೂನು ಮಾಡಿದ್ದು 1990ರಲ್ಲಿ, ಮೊದಲ ಕಂತು ಜಮೆ ಮಾಡಿದ್ದು 1996ರಲ್ಲಿ. ಅಷ್ಟುಹೊತ್ತಿಗೆ ಅದು ಶ್ರೀಮಂತ ದೇಶವೇ ಆಗಿತ್ತು. ಬಡದೇಶ ಖರ್ಚು ಮಾಡಲೇಬೇಕು. ನನ್ನ ತಕರಾರು ಇರುವುದು ತೂಬಿನ ಕೀಲಿಯ ಮೇಲೆ. ಬಜೆಟ್ಟಿಗೆ ದುಡ್ಡು ಸಾಲದಾದಾಗ ಸೂತ್ರವನ್ನೇ ತಿದ್ದಬಹುದು ಎಂದಾದರೆ, ಅದು ಇದ್ದೂ ಇಲ್ಲದ ಹಾಗೆ. ಆಫ್ರಿಕಾದ ಚಾಡ್ ದೇಶದಲ್ಲಿ 2003ರಲ್ಲಿ ತೈಲ ಹರಿಯಲು ಶುರುವಾದಾಗ ಮುಂದಿನ ಪೀಳಿಗೆಗೆಂದು ಪಾಲು ತೆಗೆದಿಡುವ ಕಾನೂನು ವಿಶ್ವಬ್ಯಾಂಕಿನ ಒತ್ತಾಸೆಯಿಂದ ಆಗಿತ್ತು. ಎರಡು ಮೂರು ವರ್ಷದೊಳಗೆ ಸರ್ಕಾರ ಆ ಕಲಮನ್ನು ಕಿತ್ತುಹಾಕಿತು.

ದುಡ್ಡು ಒಳಗೆ ಬಂದ ಮೇಲೆ ಏನಾಗುತ್ತದೆ? 2019ರಲ್ಲಿ ಗಯಾನಾದ ಬಜೆಟ್ 30,070 ಕೋಟಿ ಗಯಾನಾ ಡಾಲರ್. 2025ರದ್ದು 1,38,200 ಕೋಟಿ. ಆರು ವರ್ಷದಲ್ಲಿ ನಾಲ್ಕೂವರೆ ಪಟ್ಟು. ಒಂದು ಅಮೆರಿಕನ್ ಡಾಲರಿಗೆ ಅಲ್ಲಿನ ಸುಮಾರು 209 ಡಾಲರ್, ಈ ದರ ವರ್ಷಗಳಿಂದ ಅಲುಗಾಡಿಲ್ಲ. 2022ರಲ್ಲಿ ಆರ್ಥಿಕತೆ ಒಂದೇ ವರ್ಷ ಶೇ. 60ಕ್ಕೂ ಹೆಚ್ಚು ಬೆಳೆಯಿತು, ಜಗತ್ತಿನಲ್ಲೇ ಅತಿ ವೇಗ. ಆದರೆ ಮೇಸ್ತ್ರಿಗಳು, ಎಂಜಿನಿಯರುಗಳು, ದಾದಿಯರು, ಟಿಪ್ಪರ್ ಚಾಲಕರು ನಾಲ್ಕೂವರೆ ಪಟ್ಟು ಆಗಲಿಲ್ಲ. ಇರುವ ಕೈಗಳೇ ಎಲ್ಲ ಕೆಲಸಕ್ಕೂ ಬೇಕು. ಅರ್ಥಶಾಸ್ತ್ರದಲ್ಲಿ ಇದನ್ನು ‘ಡಚ್ ಕಾಯಿಲೆ’ ಅನ್ನುತ್ತಾರೆ. ನೆದರ್ಲೆಂಡ್ಸಿನಲ್ಲಿ 1959ರಲ್ಲಿ ಅನಿಲ ಸಿಕ್ಕಮೇಲೆ ಅಲ್ಲಿನ ಕಾರ್ಖಾನೆಗಳು ಸೊರಗಿದ್ದನ್ನು ನೋಡಿ ಇಟ್ಟ ಹೆಸರು. ಸಾಮಾನ್ಯವಾಗಿ ನಾಣ್ಯದ ಬೆಲೆ ಏರಿ ರಫ್ತು ಸಾಯುತ್ತದೆ. ಗಯಾನಾದಲ್ಲಿ ವಿನಿಮಯ ದರ ನಿಂತಲ್ಲೇ ನಿಂತಿರುವುದರಿಂದ ಅದೇ ಕಾಯಿಲೆ ಇನ್ನೊಂದು ದಾರಿಯಲ್ಲಿ, ಕೂಲಿ, ಬಾಡಿಗೆ, ತರಕಾರಿಯ ಬೆಲೆಯ ಮೂಲಕ ಬರುತ್ತದೆ.

ಕಬ್ಬಿನ ಗದ್ದೆಯಲ್ಲಿ ನಿಂತು ನೋಡಿ. ಕಬ್ಬು ಕಡಿಯುವುದು ಬಿಸಿಲಿನ, ಮಸಿಯ ಕೆಲಸ. ಕಡಿಯುವ ಮುಂಚೆ ಗದ್ದೆಗೆ ಬೆಂಕಿ ಹಾಕಿ ತರಗು ಸುಡುತ್ತಾರೆ, ಆಮೇಲೆ ಕತ್ತಿ ಹಿಡಿದು ಇಳಿಯಬೇಕು. ಕಡಿದದ್ದನ್ನು ಹೊರೆ ಮಾಡಿ ಕಾಲುವೆಯ ದೋಣಿಗೆ ಹೊತ್ತುಹಾಕಬೇಕು. ಅದೇ ಹುಡುಗನಿಗೆ ಪಕ್ಕದ ರಸ್ತೆ ಕಾಮಗಾರಿಯಲ್ಲೋ, ತೈಲ ಕಂಪನಿಯ ಗೋದಾಮಿನ ಕಾವಲಿನಲ್ಲೋ ಹೆಚ್ಚು ಕೂಲಿ ಸಿಗುತ್ತದೆ. ಸರ್ಕಾರಿ ಸಕ್ಕರೆ ನಿಗಮ ಮೊದಲೇ ನಷ್ಟದಲ್ಲಿತ್ತು. 2016-17ರಲ್ಲಿ ನಾಲ್ಕು ಎಸ್ಟೇಟುಗಳನ್ನು ಮುಚ್ಚಿ ಸುಮಾರು ಏಳು ಸಾವಿರ ಜನ ಕೆಲಸ ಕಳೆದುಕೊಂಡಿದ್ದರು. ಆಮೇಲೆ ಬಂದ ಸರ್ಕಾರ ಮತ್ತೆ ತೆರೆಯಲು ಕೋಟಿಗಟ್ಟಲೆ ಸುರಿಯಿತು. ಆದರೂ ಒಂದು ಕಾಲಕ್ಕೆ ವರ್ಷಕ್ಕೆ ಮೂರು ಲಕ್ಷ ಟನ್ ಮುಟ್ಟಿದ್ದ ಸಕ್ಕರೆ 2024ರಲ್ಲಿ 50 ಸಾವಿರ ಟನ್ನನ್ನೂ ಮುಟ್ಟಲಿಲ್ಲ. ಕಡಿಯುವ ಕೈ ಇಲ್ಲದಿದ್ದರೆ ಯಂತ್ರ ಇಳಿಸಬೇಕು. ಯಂತ್ರ ಇಳಿಯಬೇಕಾದರೆ ಡಚ್ಚರ ಕಾಲದ ಏರಿ-ತೋಡು ಗದ್ದೆಗಳನ್ನು ಒಡೆದು ಸಮತಟ್ಟು ಮಾಡಬೇಕು, ನೀರು ಹರಿಯುವ ವ್ಯವಸ್ಥೆಯನ್ನೇ ಹೊಸದಾಗಿ ಕಟ್ಟಬೇಕು. ದುಡ್ಡಿದ್ದರೂ ಅದು ವರ್ಷಗಳ ಕೆಲಸ.

ಪೇಟೆಯಲ್ಲಿ ಇನ್ನೊಂದು ರೂಪ. ಸರ್ಕಾರಿ ಹಣದುಬ್ಬರದ ಅಂಕಿ ತೀರ ಜೋರಾಗಿ ಕಾಣುವುದಿಲ್ಲ. ಪೆಟ್ರೋಲು ಡೀಸೆಲ್ಲಿನ ಮೇಲಿನ ಅಬಕಾರಿ ಸುಂಕವನ್ನು 2022ರಲ್ಲಿ ಸೊನ್ನೆಗೆ ಇಳಿಸಿದ್ದಾರೆ, ನೀರು ಕರೆಂಟಿನ ದರ ಹಿಡಿದಿಟ್ಟಿದ್ದಾರೆ. ಆದರೆ ಜಾರ್ಜ್‌ಟೌನಿನ ಸ್ಟಾಬ್ರೋಕ್ ಮಾರುಕಟ್ಟೆಯಲ್ಲಿ ತರಕಾರಿ ಕೊಳ್ಳುವವರಿಗೆ, ಅದೇ ಊರಿನಲ್ಲಿ ಬಾಡಿಗೆ ಮನೆ ಹುಡುಕುವವರಿಗೆ ಸರಾಸರಿಯ ಅಂಕಿ ಸಮಾಧಾನ ಕೊಡುವುದಿಲ್ಲ. ವಿದೇಶಿ ಕಂಪನಿಗಳು ಡಾಲರಿನಲ್ಲಿ ಬಾಡಿಗೆ ಕೊಡುತ್ತವೆ, ಶಾಲೆಯ ಮೇಷ್ಟ್ರಿಗೆ ಸಂಬಳ ಗಯಾನಾ ಡಾಲರಿನಲ್ಲಿ. 2024ರ ಫೆಬ್ರುವರಿಯಲ್ಲಿ ಶಿಕ್ಷಕರು ಮುಷ್ಕರಕ್ಕೆ ಇಳಿದದ್ದು ಇದೇ ಸಂಕಟದಿಂದ. ಅದೇ ವರ್ಷ ಸರ್ಕಾರ ಹದಿನೆಂಟು ದಾಟಿದ ಪ್ರತಿಯೊಬ್ಬರಿಗೂ ಒಂದು ಲಕ್ಷ ಗಯಾನಾ ಡಾಲರ್ ಕೊಡುವುದಾಗಿ ಘೋಷಿಸಿತು. ಅಮೆರಿಕನ್ ಲೆಕ್ಕದಲ್ಲಿ 480 ಡಾಲರಿನಷ್ಟು. ಬಡವರ ಮನೆಗೆ ಅದು ಸಣ್ಣ ಮೊತ್ತವಲ್ಲ. 2025ರಿಂದ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಓದು ಉಚಿತ. ಡೆಮೆರಾರಾ ನದಿಯ ಮೇಲೆ 1978ರಿಂದ ತೇಲುತ್ತಿದ್ದ ಪಾಂಟೂನ್ ಸೇತುವೆ, ಹಡಗು ಬಂದಾಗಲೆಲ್ಲ ಬಾಯಿತೆರೆದು ವಾಹನಗಳನ್ನು ತಾಸುಗಟ್ಟಲೆ ನಿಲ್ಲಿಸುತ್ತಿತ್ತು. ಅದರ ಜಾಗಕ್ಕೆ 2025ರ ಅಕ್ಟೋಬರಿನಲ್ಲಿ ನಾಲ್ಕು ಪಥದ ಎತ್ತರದ ಸೇತುವೆ ಬಂತು. ಇವೆಲ್ಲ ತೈಲ ತಂದ ಒಳಿತೇ, ಅದನ್ನು ಕಡೆಗಣಿಸಿ ಬರಿ ಶಾಪ ಎಂದು ಮಾತಾಡುವುದು ಅನ್ಯಾಯ.

ವಿದ್ಯುತ್ತಿನ ಕಥೆ ಮಾತ್ರ ನೋವಿನದು. ದಿನಕ್ಕೆ ಆರು ಲಕ್ಷ ಬ್ಯಾರೆಲ್ ತೆಗೆಯುತ್ತಿದ್ದ ದೇಶ 2024ರಲ್ಲಿ ಕರೆಂಟು ಸಾಲದೆ, ಫರ್ನೆಸ್ ಆಯಿಲ್ ಸುಡುವ 36 ಮೆಗಾವಾಟ್ ವಿದ್ಯುತ್ ಹಡಗನ್ನು ಬಾಡಿಗೆಗೆ ತಂದು ಬರ್ಬೀಸ್ ನದಿಯಲ್ಲಿ ನಿಲ್ಲಿಸಬೇಕಾಯಿತು. ಇದಕ್ಕೆ ಮದ್ದು ಎಂದು ರೂಪಿಸಿದ್ದು ಅನಿಲ ಯೋಜನೆ. ಲೀಜಾದಿಂದ 12 ಇಂಚಿನ ಕೊಳವೆಯಲ್ಲಿ ದಿನಕ್ಕೆ 5 ಕೋಟಿ ಘನ ಅಡಿ ಅನಿಲ ತಂದು, ವೇಲ್ಸ್ ಎಂಬ ಮುಚ್ಚಿದ ಸಕ್ಕರೆ ಎಸ್ಟೇಟಿನ ಜಾಗದಲ್ಲಿ 300 ಮೆಗಾವಾಟ್ ಸ್ಥಾವರ ನಡೆಸಿ, ಕರೆಂಟು ದರವನ್ನು ಅರ್ಧಕ್ಕೆ ಇಳಿಸುವುದು. ಕೊಳವೆ 2024ರಲ್ಲಿ ಮುಗಿಯಿತು, ಸ್ಥಾವರ ಹಿಂದೆ ಬಿತ್ತು. ಕಾರಣ ನೆಲದಲ್ಲೇ ಇತ್ತು. ಕಬ್ಬಿನ ಜೌಗು ಮಣ್ಣು ಟರ್ಬೈನಿನ ಭಾರ ತಡೆಯುವುದಿಲ್ಲ, ಅದನ್ನು ಗಟ್ಟಿಮಾಡಿ ಗುತ್ತಿಗೆದಾರರಿಗೆ ಒಪ್ಪಿಸುವುದೇ ತಡವಾಯಿತು. ಕೊಳವೆ, ಸ್ಥಾವರ, ವಿದ್ಯುತ್ ಮಾರ್ಗ ಮೂರೂ ಬೇರೆ ಬೇರೆ ಗುತ್ತಿಗೆ. ಒಂದು ತಪ್ಪಿದರೆ ಉಳಿದೆರಡು ಕಾಯುತ್ತಾ ಕೂರಬೇಕು.

ಸ್ಥಳೀಯರಿಗೂ ಪಾಲು ಸಿಗಲಿ ಎಂದು 2021ರಲ್ಲಿ ಮಾಡಿದ ಕಾನೂನು 40 ಬಗೆಯ ಸೇವೆಗಳಲ್ಲಿ ಗಯಾನಾದವರಿಗೆ ಕನಿಷ್ಠ ಪಾಲು ನಿಗದಿಮಾಡಿತು: ಅಡುಗೆ, ಸಾರಿಗೆ, ವಸತಿ, ಕಾವಲು, ಲೆಕ್ಕಪತ್ರ ಇತ್ಯಾದಿ. ಕಾನೂನು ಒಳ್ಳೆಯದು, ಆದರೆ ಬೇಗನೆ ಅದಕ್ಕೊಂದು ಕಳ್ಳದಾರಿ ಹುಟ್ಟಿತು. ಹೊರಗಿನ ಕಂಪನಿ ಒಬ್ಬ ಸ್ಥಳೀಯನ ಹೆಸರಿನಲ್ಲಿ ಶೇ. 51 ಷೇರು ಬರೆಸುತ್ತದೆ, ಒಳಗೆ ಬೇರೆ ಕರಾರು ಮಾಡಿಕೊಂಡು ಲಾಭ ತಾನೇ ಒಯ್ಯುತ್ತದೆ. ಬೇನಾಮಿ ಎಂಬ ಮಾತು ನಮಗೆ ಹೊಸತಲ್ಲ. ಷೇರು ಪತ್ರ ನೋಡಿ ಪ್ರಮಾಣಪತ್ರ ಕೊಡುವುದನ್ನು ಬಿಟ್ಟು, ಲಾಭಾಂಶ ಯಾರ ಬ್ಯಾಂಕ್ ಖಾತೆಗೆ ಹೋಯಿತು, ಚೆಕ್ಕಿಗೆ ಸಹಿ ಹಾಕುವವರು ಯಾರು ಎಂದು ನೋಡಿದರೆ ಮಾತ್ರ ಇದು ಸಿಕ್ಕಿಬೀಳುತ್ತದೆ.

ದುಡ್ಡು ಬಂದಾಗ ಅದರ ಹಿಂದೆಯೇ ಕಣ್ಣೂ ಬೀಳುತ್ತವೆ. 2020ರ ಮಾರ್ಚ್ 2ರಂದು ನಡೆದ ಚುನಾವಣೆಯ ಫಲಿತಾಂಶಕ್ಕೆ ಐದು ತಿಂಗಳು ಜಗ್ಗಾಟ ನಡೆಯಿತು, ಇರ್ಫಾನ್ ಅಲಿ ಅಧ್ಯಕ್ಷರಾಗಿ ಪ್ರಮಾಣ ಮಾಡಿದ್ದು ಆಗಸ್ಟ್ 2ಕ್ಕೆ. ತೈಲದ ಮೊದಲ ದುಡ್ಡು ಬರುತ್ತಿದ್ದ ವರ್ಷ ಅದು, ಸೋತವರಿಗೆ ಸೋಲುವುದು ಹಿಂದೆಂದಿಗಿಂತ ದುಬಾರಿಯಾಗಿತ್ತು. ನೆರೆಯ ವೆನೆಜುವೆಲಾ 1899ರ ಗಡಿ ತೀರ್ಪನ್ನು ಒಪ್ಪದೆ, ಗಯಾನಾದ ಮೂರರಲ್ಲಿ ಎರಡು ಭಾಗವಾದ ಎಸ್ಸೆಕ್ವಿಬೊ ಪ್ರದೇಶ ತನ್ನದೆನ್ನುತ್ತದೆ. 2023ರ ಡಿಸೆಂಬರ್ 3ರಂದು ಆ ಬಗ್ಗೆ ಜನಮತಗಣನೆಯನ್ನೇ ಮಾಡಿತು. ಮೊಕದ್ದಮೆ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿದೆ. ಆ ಗುಟ್ಟಿನ 1.8 ಕೋಟಿ ಡಾಲರಿನ ಹೆಚ್ಚಿನ ಭಾಗವನ್ನು ಎತ್ತಿಟ್ಟದ್ದು ಈ ಮೊಕದ್ದಮೆಯ ವಕೀಲರ ಖರ್ಚಿಗೆಂದೇ.

ತೂಬಿನ ಕೀಲಿ ಒಂದೇ ಮನೆಯ ಕೈಗೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಈಕ್ವಟೋರಿಯಲ್ ಗಿನಿ ಸಾಕ್ಷಿ. ಅಲ್ಲಿ 1995ರಲ್ಲಿ ದೊಡ್ಡ ನಿಕ್ಷೇಪ ಸಿಕ್ಕಿತು, ತಲಾ ಆದಾಯ ಆಫ್ರಿಕಾದಲ್ಲೇ ಮೇಲಕ್ಕೇರಿತು. 1979ರಲ್ಲಿ ಅಧಿಕಾರ ಹಿಡಿದ ತಿಯೊಡೊರೊ ಒಬಿಯಾಂಗ್ ಅವರೇ ಈಗಲೂ ಅಧ್ಯಕ್ಷರು. ಅವರ ಮಗನನ್ನು ಸಾರ್ವಜನಿಕ ಹಣ ಲಪಟಾಯಿಸಿದ್ದಕ್ಕೆ 2017ರಲ್ಲಿ ಪ್ಯಾರಿಸ್ಸಿನ ನ್ಯಾಯಾಲಯ ಅಪರಾಧಿ ಎಂದಿತು. ತೈಲ ಈಗ ಇಳಿಮುಖ, ಹಳ್ಳಿಗಳಲ್ಲಿ ಕುಡಿಯುವ ನೀರಿನ ಗೋಳು ಹಾಗೇ ಇದೆ. ಗಯಾನಾದಲ್ಲಿ ಪತ್ರಿಕೆಗಳಿವೆ, ಕೋರ್ಟಿಗೆ ಹೋಗುವ ನಾಗರಿಕರಿದ್ದಾರೆ. ತೈಲ ಸೋರಿಕೆಯಾದರೆ ಮಾತೃ ಕಂಪನಿ ಎಕ್ಸಾನ್ ಮಿತಿಯಿಲ್ಲದ ಹೊಣೆ ಹೊರಬೇಕು ಎಂದು 2023ರ ಮೇ ತಿಂಗಳಲ್ಲಿ ಹೈಕೋರ್ಟ್ ತೀರ್ಪು ಕೊಟ್ಟದ್ದು ಅಂಥವರ ಅರ್ಜಿಯ ಮೇಲೆ. ಮೇಲ್ಮನವಿಯ ಹಂತದಲ್ಲಿ ಅದು 200 ಕೋಟಿ ಡಾಲರಿನ ಖಾತರಿಗೆ ಬಂದು ನಿಂತಿತು. ಆದರೂ ಈಕ್ವಟೋರಿಯಲ್ ಗಿನಿಗೂ ಗಯಾನಾಕ್ಕೂ ಇರುವ ಈ ವ್ಯತ್ಯಾಸ ಸಣ್ಣದಲ್ಲ.

ಸಭೆಯಿಂದ ಬಂದ ಒಂದು ಪ್ರಶ್ನೆಗೆ ಉತ್ತರಿಸಿ ಮುಗಿಸುತ್ತೇನೆ. ಒಪ್ಪಂದ ಇಷ್ಟು ಸಡಿಲ ಎಂದು ಗೊತ್ತಾದ ಮೇಲೆ ಬದಲಾಯಿಸಬಾರದೇ ಎಂದು ಕೇಳಿದ್ದೀರಿ. ಅದರಲ್ಲಿ ಸ್ಥಿರತೆಯ ಕಲಮು ಇದೆ. ಹೊಸ ಕಾನೂನಿನಿಂದ ಕಂಪನಿಗೆ ನಷ್ಟವಾದರೆ ಸರ್ಕಾರ ತುಂಬಿಕೊಡಬೇಕು, ಕಂಪನಿ ಒಪ್ಪದೆ ಒಂದಕ್ಷರವೂ ಅಲುಗುವುದಿಲ್ಲ. ಈಗಿನ ಸರ್ಕಾರ ಹಳೆಯದನ್ನು ಮುಟ್ಟುವುದಿಲ್ಲ ಎಂದು ತೀರ್ಮಾನಿಸಿ, 2023ರಲ್ಲಿ ಹೊಸ ಬ್ಲಾಕುಗಳಿಗೆ ಬೇರೆ ಮಾದರಿ ತಂದಿದೆ: ರಾಜಧನ ಶೇ. 10, ಕಂಪನಿ ತೆರಿಗೆ ಶೇ. 10, ಖರ್ಚಿನ ಮಿತಿ ಶೇ. 65. ಆದರೆ ತೈಲ ಹರಿಯುತ್ತಿರುವುದು ಹಳೆಯ ಬ್ಲಾಕಿನಲ್ಲಿ. ಅಲ್ಲಿ ಹೂಡಿದ್ದೆಲ್ಲ ತೀರಿ, ಖರ್ಚು ಬ್ಯಾರೆಲ್ ಬೆಲೆಯ ಶೇ. 25ಕ್ಕೆ ಇಳಿಯಿತು ಅಂತಿಟ್ಟುಕೊಳ್ಳಿ. ಆಗ ಲಾಭದ ತೈಲ ಶೇ. 75, ಅರ್ಧ ಅಂದರೆ 37.5, ರಾಜಧನ ಸೇರಿ ಸರ್ಕಾರಕ್ಕೆ ಶೇ. 39.5. ಅದೇ 80 ಡಾಲರಿನ ಬ್ಯಾರೆಲ್ಲಿನಲ್ಲಿ 11 ಡಾಲರ್ 60 ಸೆಂಟ್ ಇದ್ದದ್ದು 31 ಡಾಲರ್ 60 ಸೆಂಟ್ ಆಗುತ್ತದೆ. ಆ ದಿನ ಯಾವಾಗ ಬರುತ್ತದೆ ಎನ್ನುವುದು ಗಯಾನಾದ ಸರ್ಕಾರದ ಕೈಯಲ್ಲೇ ಇದೆ, ಏಕೆಂದರೆ ಪ್ರತಿ ಹೊಸ ನಿಕ್ಷೇಪಕ್ಕೂ ಅದರ ಅನುಮತಿ ಬೇಕು. 2025ರ ಸೆಪ್ಟೆಂಬರಿನಲ್ಲಿ ಹ್ಯಾಮರ್‌ಹೆಡ್ ಎಂಬ ಏಳನೆಯ ಯೋಜನೆಗೆ ಅನುಮತಿ ಕೊಟ್ಟಾಯಿತು. ಅದರ ಖರ್ಚೂ ಈಗ ಇದೇ ಲೆಕ್ಕದ ಪುಸ್ತಕಕ್ಕೆ ಸೇರುತ್ತದೆ.